ಹಳೆಯ ಮೋಟಾರಿನ ಜೀರ್ಣೋದ್ಧಾರವೂ ಸಮಯಪಾಲನೆಯ ಸ್ಪರ್ಧೆಯೂ

ಜೀರ್ಣೋದ್ಧಾರವೆಂಬ ಪದವು ನಮ್ಮ ವಾಚಕರಿಗೆ ಹೊಸತಲ್ಲ. ಶಿಥಿಲವಾದ ದೇವಾಲಯವನ್ನೂ, ಹೂಳು ತುಂಬಿದ ಕೆರೆಯನ್ನೂ, ಮುರಿದುಬಿದ್ದ ಮಂಟಪವನ್ನೂ ಮರಳಿ ಮೊದಲಿನ ಸ್ಥಿತಿಗೆ ತರುವ ಕಾರ್ಯಕ್ಕೆ ನಮ್ಮ ಹಿರಿಯರು ಈ ಹೆಸರನ್ನಿಟ್ಟರು. ಇದೇ ಪದವನ್ನು ಮನೆಯ ಹಿಂದಣ ಕೊಟ್ಟಿಗೆಯಲ್ಲಿ ಧೂಳು ಮುಚ್ಚಿ ನಿಂತಿರುವ ಹಳೆಯ ಮೋಟಾರುಗಾಡಿಗೆ ಅನ್ವಯಿಸಿದರೆ ಕೆಲವರಿಗೆ ನಗು ಬಂದೀತು. ಆದರೆ ಸ್ವಲ್ಪ ವಿಚಾರಮಾಡಿ ನೋಡಿದಲ್ಲಿ ಈ ಅನ್ವಯವು ಅಷ್ಟೇನೂ ಅಸಂಗತವಲ್ಲವೆಂದು ತೋರುವುದು. ಗುಡಿಯ ಜೀರ್ಣೋದ್ಧಾರದಲ್ಲಿ ಎರಡು ಕಷ್ಟಗಳುಂಟು. ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬ ವಿವೇಕವು ಒಂದು. ಉದ್ಧರಿಸಿದ ಬಳಿಕ ಅಲ್ಲಿ ನಿತ್ಯಪೂಜೆಯು ನಿಲ್ಲದಂತೆ ನೋಡಿಕೊಳ್ಳುವುದು ಮತ್ತೊಂದು. ಪೂಜೆಯಿಲ್ಲದ ಗುಡಿಯು ಎಷ್ಟು ಬೇಗನೆ ಪಾಳುಬೀಳುವುದೋ, ಓಡದ ಮೋಟಾರೂ ಅಷ್ಟೇ ಬೇಗನೆ ಹಾಳಾಗುವುದು.

ಹೀಗೆ ಉದ್ಧರಿಸಿದ ಗಾಡಿಗೆ ಯೋಗ್ಯವಾದ ಉಪಯೋಗವನ್ನು ಒದಗಿಸುವುದಕ್ಕಾಗಿಯೇ ಅನೇಕ ದೇಶಗಳಲ್ಲಿ ಹವ್ಯಾಸಿಗಳ ರ್ಯಾಲಿಗಳು ನಡೆಯುತ್ತವೆ. ರ್ಯಾಲಿಯೆಂದೊಡನೆ ಧೂಳೆಬ್ಬಿಸುತ್ತ ಪ್ರಾಣವನ್ನು ಪಣಕ್ಕಿಟ್ಟು ಓಡುವ ಗಾಡಿಗಳ ಚಿತ್ರವು ಮನಸ್ಸಿಗೆ ಬರುವುದು ಸಹಜ. ಆದರೆ ಹಳೆಯ ಗಾಡಿಗಳಿಗಾಗಿ ಏರ್ಪಡುವ ಸ್ಪರ್ಧೆಗಳಲ್ಲಿ ಬಹುಪಾಲು ಬೇರೆಯ ಜಾತಿಯವು. ಅವುಗಳಲ್ಲಿ ಗೆಲ್ಲತಕ್ಕವನು ಎಲ್ಲರಿಗಿಂತ ಮುಂದಾಗಿ ಬಂದವನಲ್ಲ; ಗೊತ್ತುಮಾಡಿದ ಸೆಕೆಂಡಿಗೆ ಸರಿಯಾಗಿ ಬಂದವನು. ಈ ಸ್ಪರ್ಧೆಯ ಸ್ವರೂಪವನ್ನೂ, ಅದಕ್ಕಾಗಿ ಹಳೆಯ ಗಾಡಿಯನ್ನು ಅಣಿಗೊಳಿಸುವ ಕ್ರಮವನ್ನೂ ಗೃಹಸ್ಥರಿಗೆ ತಿಳಿಯುವಂತೆ ಹೇಳುವುದು ಈ ಲೇಖನದ ಉದ್ದೇಶ.

ಸ್ಪರ್ಧೆಯ ಪೂರ್ವಕಥೆ

ವೇಗದ ಸ್ಪರ್ಧೆಯು ಸಮಯಪಾಲನೆಯ ಸ್ಪರ್ಧೆಯಾಗಿ ಮಾರ್ಪಟ್ಟ ಬಗೆಯನ್ನು ತಿಳಿಯುವುದಕ್ಕೆ ಇಟಲಿ ದೇಶದ ‘ಮಿಲ್ಲೆ ಮಿಲ್ಯಾ’ ಎಂಬ ಪಂದ್ಯದ ಚರಿತ್ರೆಗಿಂತ ಉತ್ತಮವಾದ ನಿದರ್ಶನವಿಲ್ಲ. ಆ ಹೆಸರಿಗೆ ಸಾವಿರ ಮೈಲಿ ಎಂದರ್ಥ. ಬ್ರೆಷಿಯಾ ನಗರದಿಂದ ಹೊರಟು ರೋಮ್ ನಗರವನ್ನು ಮುಟ್ಟಿ ಮರಳಿ ಬ್ರೆಷಿಯಾಕ್ಕೆ ಬರುವ ಈ ಪಂದ್ಯವು ೧೯೨೭ರಲ್ಲಿ ಮೊದಲಾಯಿತು. ಆ ವರ್ಷ ಗೆದ್ದ ಗಾಡಿಯ ಸರಾಸರಿ ವೇಗವು ಗಂಟೆಗೆ ಸುಮಾರು ೭೭ ಕಿಲೋಮೀಟರು. ೧೯೫೫ರಲ್ಲಿ ಸ್ಟರ್ಲಿಂಗ್ ಮಾಸ್ ಎಂಬ ಆಂಗ್ಲ ಸಾರಥಿಯು ಮರ್ಸಿಡಿಸ್ ಗಾಡಿಯಲ್ಲಿ ಇದೇ ಪಂದ್ಯವನ್ನು ಹತ್ತು ಗಂಟೆ ಏಳು ನಿಮಿಷಗಳಲ್ಲಿ ಮುಗಿಸಿದನು. ಸರಾಸರಿ ವೇಗವು ೧೫೭ ಕಿಲೋಮೀಟರಿಗೆ ಏರಿತ್ತು. ಅವನ ಪಕ್ಕದಲ್ಲಿ ಕುಳಿತ ಡೆನಿಸ್ ಜೆಂಕಿನ್‌ಸನ್ ಎಂಬ ಪತ್ರಕರ್ತನು ದಾರಿಯ ತಿರುವುಗಳನ್ನೆಲ್ಲ ಉದ್ದನೆಯ ಕಾಗದದ ಸುರುಳಿಯಲ್ಲಿ ಬರೆದುಕೊಂಡು, ಒಂದೊಂದನ್ನೂ ಕೈಸನ್ನೆಯಿಂದ ತಿಳಿಸುತ್ತ ಹೋದನಂತೆ. ಪಕ್ಕದಲ್ಲಿ ಕುಳಿತವನ ಕೆಲಸವು ಸಾರಥಿಯ ಕೆಲಸಕ್ಕೆ ಕಡಮೆಯಾದುದಲ್ಲವೆಂದು ಲೋಕಕ್ಕೆ ಮನವರಿಕೆಯಾದದ್ದು ಆಗ.

ಇದಾಗಿ ಎರಡೇ ವರ್ಷಗಳಲ್ಲಿ ಈ ವೇಗಕ್ಕೆ ಘೋರವಾದ ಬೆಲೆಯನ್ನು ತೆರಬೇಕಾಯಿತು. ೧೯೫೭ರ ಮೇ ತಿಂಗಳ ೧೨ನೆಯ ತಾರೀಖಿನಂದು ಗ್ವಿದಿತ್ಸೋಲೋ ಎಂಬ ಊರಿನ ಸಮೀಪದಲ್ಲಿ ಒಂದು ಫೆರಾರಿ ಗಾಡಿಯ ಟೈರು ಸಿಡಿದು, ಗಾಡಿಯು ರಸ್ತೆಯ ಬದಿಯಲ್ಲಿ ನಿಂತಿದ್ದ ಜನರ ಮೇಲೆ ಹಾಯಿತು. ಗಾಡಿಯಲ್ಲಿದ್ದ ಇಬ್ಬರೂ, ನೋಡಲು ಬಂದಿದ್ದ ಒಂಬತ್ತು ಮಂದಿಯೂ ಮಡಿದರು. ಆ ಒಂಬತ್ತರಲ್ಲಿ ಐದು ಮಕ್ಕಳಿದ್ದವು. ಪಂದ್ಯವು ಅಲ್ಲಿಗೆ ನಿಂತಿತು. ೧೯೭೭ರಲ್ಲಿ, ಮೊದಲ ಪಂದ್ಯಕ್ಕೆ ಐವತ್ತು ವರ್ಷ ತುಂಬಿದಾಗ, ಅದನ್ನು ಬೇರೊಂದು ರೂಪದಲ್ಲಿ ಪುನಃ ಆರಂಭಿಸಿದರು. ಈಗ ಅದರಲ್ಲಿ ಭಾಗವಹಿಸುವುದು ೧೯೨೭ರಿಂದ ೧೯೫೭ರ ವರೆಗಿನ ಆ ಕಾಲದ ಗಾಡಿಗಳು. ನಡುನಡುವೆ ರಸ್ತೆಗೆ ಅಡ್ಡಲಾಗಿ ಹಾಸಿರುವ ರಬ್ಬರು ಕೊಳವೆಗಳನ್ನು ಗೊತ್ತಾದ ಕ್ಷಣದಲ್ಲಿ ಚಕ್ರವು ಮುಟ್ಟಬೇಕು; ತಪ್ಪಿದ್ದನ್ನು ಸೆಕೆಂಡಿನ ನೂರನೆಯ ಭಾಗದ ವರೆಗೆ ಎಣಿಸುವರು. ವೇಗದ ಹುಚ್ಚು ಕೊಂದ ಪಂದ್ಯವನ್ನು ಕಾಲದ ಶಿಸ್ತು ಬದುಕಿಸಿತೆಂದರೆ ತಪ್ಪಾಗದು.

ನಮ್ಮ ದೇಶದ ಫಿಯಟ್ ಗಾಡಿ

ಆ ಇಟಲಿಯ ಪಂದ್ಯದಲ್ಲಿ ದೊಡ್ಡ ಗಾಡಿಗಳ ಹಿಂದೆ ಸದ್ದಿಲ್ಲದೆ ಓಡುತ್ತಿದ್ದ ಸಣ್ಣ ಗಾಡಿಗಳಲ್ಲಿ ಒಂದು ನಮ್ಮ ವಾಚಕರಲ್ಲಿ ಅನೇಕರಿಗೆ ಬಾಲ್ಯದಿಂದಲೂ ಪರಿಚಿತವಾದುದು. ಅದು ಫಿಯಟ್ ೧೧೦೦. ಈ ಮಾದರಿಯು ೧೯೫೩ರಲ್ಲಿ ಇಟಲಿಯಲ್ಲಿ ಹೊರಬಂದಿತು. ಸೇಠ್ ವಾಲಚಂದ್ ಹೀರಾಚಂದರು ೧೯೪೪ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಸಂಸ್ಥೆಯು ಮುಂಬಯಿಯ ಕುರ್ಲಾದಲ್ಲಿ ಇದನ್ನು ಕೈಗೊಂಡು ಹಲವು ದಶಕಗಳ ಕಾಲ ತಯಾರಿಸಿತು. ಮೊದಲಿನ ಗಾಡಿಗಳ ಮುಂಬಾಗಿಲುಗಳ ಕೀಲು ಹಿಂಭಾಗದಲ್ಲಿದ್ದು ಅವು ಹಿಂದುಮುಂದಾಗಿ ತೆರೆಯುತ್ತಿದ್ದುದನ್ನು ಹಿರಿಯರು ಬಲ್ಲರು. ೧೯೬೪ರ ‘ಡಿಲೈಟ್’ ಮಾದರಿಯೇ ಮುಂದೆ ‘ಪ್ರೆಸಿಡೆಂಟ್’ ಎಂದೂ ‘ಪದ್ಮಿನಿ’ ಎಂದೂ ಹೆಸರು ಹೊತ್ತಿತು. ಮುಂಬಯಿಯ ಬಾಡಿಗೆ ಗಾಡಿಗಳಲ್ಲಿ ಕಡೆಯ ಪದ್ಮಿನಿಯು ಇಪ್ಪತ್ತು ವರ್ಷದ ಅವಧಿ ತೀರಿ ೨೦೨೩ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ರಸ್ತೆಯಿಂದ ಇಳಿಯಿತು.

ಈ ಗಾಡಿಯ ಎಂಜಿನು ನಾಲ್ಕು ಸಿಲಿಂಡರಿನದು. ಗಾತ್ರ ೧೦೮೯ ಘನ ಸೆಂಟಿಮೀಟರು. ಗೇರಿನ ಸರಳು ಸ್ಟಿಯರಿಂಗಿನ ಕಂಬದ ಮೇಲಿದೆ. ಹಿಂದಿನ ಚಕ್ರಗಳಿಗೆ ಪಟ್ಟಿಯ ಸ್ಪ್ರಿಂಗು, ಮುಂದಿನವಕ್ಕೆ ಸುರುಳಿಯ ಸ್ಪ್ರಿಂಗು. ನಾಲ್ಕು ಚಕ್ರಗಳಿಗೂ ಡ್ರಮ್ಮಿನ ಬ್ರೇಕು. ಲಾರಿಗಿರುವಂತೆ ಬೇರೆಯ ಚಾಸಿಯಿಲ್ಲ. ತಗಡಿನ ಮೈಯೇ ಗಾಡಿಯ ಭಾರವನ್ನೆಲ್ಲ ಹೊರುವುದು. ಈ ಕಡೆಯ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಪ್ರಯೋಜನಕ್ಕೆ ಬರುವುದು.

ಇಂತಹ ಗಾಡಿಯನ್ನು ವಸ್ತುಸಂಗ್ರಹಾಲಯದಲ್ಲಿರಿಸಿ ಕಾಪಾಡುವುದು ಒಂದು ಕ್ರಮ. ನಮ್ಮ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಮೋಟಾರುಗಳನ್ನು ಒಪ್ಪವಾಗಿ ಇರಿಸಿರುವುದನ್ನು ಯಾತ್ರಿಕರು ನೋಡಿರುವರು. ಆದರೆ ಎಲ್ಲ ಗೃಹಸ್ಥರೂ ಸಂಗ್ರಹಾಲಯವನ್ನು ಕಟ್ಟಲಾರರು. ಅವರಿಗೆ ಉಳಿದಿರುವುದು ಮೂರು ದಾರಿ: ಗುಜರಿಗೆ ತೂಕದ ಲೆಕ್ಕದಲ್ಲಿ ಮಾರುವುದು, ಕೊಟ್ಟಿಗೆಯಲ್ಲಿಯೇ ಕೊಳೆಯಬಿಡುವುದು, ಇಲ್ಲವೆ ಉದ್ಧರಿಸಿ ಆಗಾಗ್ಗೆ ಓಡಿಸುವುದು.

ಕಾನೂನಿನ ಮಾತು

ಮೂರನೆಯ ದಾರಿಯನ್ನು ಹಿಡಿಯುವವರು ಮೊದಲು ಕಾನೂನನ್ನು ತಿಳಿದಿರಬೇಕು. ೨೦೨೧ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಮೋಟಾರುವಾಹನ ನಿಯಮಗಳಿಗೆ ತಿದ್ದುಪಡಿ ಮಾಡಿ ‘ವಿಂಟೇಜ್’ ಗಾಡಿಗಳಿಗೆ ಪ್ರತ್ಯೇಕವಾದ ನೋಂದಣಿಯನ್ನು ಏರ್ಪಡಿಸಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷಗಳು ಮೀರಿರಬೇಕು. ಗಾಡಿಯು ಮೂಲರೂಪದಲ್ಲಿಯೇ ಇರಬೇಕು. ಚಾಸಿ, ಮೈಕಟ್ಟು, ಎಂಜಿನುಗಳಲ್ಲಿ ಗಣನೀಯವಾದ ಮಾರ್ಪಾಟು ಆಗಿರಕೂಡದು. ಹೊಸ ನೋಂದಣಿಗೆ ೨೦,೦೦೦ ರೂಪಾಯಿಗಳು, ಅವಧಿ ಹತ್ತು ವರ್ಷ; ಆ ಬಳಿಕ ನವೀಕರಿಸುವುದಕ್ಕೆ ೫,೦೦೦ ರೂಪಾಯಿಗಳು. ಹೀಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಉಪಯೋಗಿಸುವಂತಿಲ್ಲ. ಪ್ರದರ್ಶನಕ್ಕೆ, ರ್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲು ಹಾಕಿಸುವುದಕ್ಕೆ, ರಿಪೇರಿಗೆ ಮಾತ್ರ ರಸ್ತೆಗೆ ಇಳಿಸಬಹುದು.

ಇದರಿಂದ ತಿಳಿಯತಕ್ಕ ನೀತಿಯೊಂದುಂಟು. ಹಳೆಯ ಎಂಜಿನನ್ನು ಕಿತ್ತೊಗೆದು ಹೊಸ ಕಾಲದ ಎಂಜಿನನ್ನು ಕೂರಿಸುವುದು, ಮೈಯನ್ನು ಕೊಯ್ದು ಅಗಲಮಾಡುವುದು, ಇವೇ ಮೊದಲಾದ ಕೆಲಸಗಳು ಗಾಡಿಯನ್ನು ಉದ್ಧರಿಸಿದಂತಾಗದು. ಹೆಸರನ್ನು ಮಾತ್ರ ಉಳಿಸಿ ಗಾಡಿಯನ್ನು ಕಳೆದಂತಾಗುವುದು. ಮೂಲವನ್ನು ಉಳಿಸಿಕೊಂಡು ಅಪಾಯವನ್ನು ತೊಲಗಿಸುವುದೇ ಈ ವಿದ್ಯೆಯ ಸಾರ.

ಮೊದಲು ನಿಲ್ಲುವುದು, ಆಮೇಲೆ ಓಡುವುದು

ನಮ್ಮ ಹಿಂದಿನ ಶಿಷ್ಯರೊಬ್ಬರಿಗೆ ಅವರ ತಂದೆಯವರಿಂದ ೧೯೬೭ರ ಒಂದು ಡಿಲೈಟ್ ಗಾಡಿಯು ಬಂದಿತ್ತು. ತಂದೆಯವರು ಮಲೆನಾಡಿನ ಊರೊಂದರಲ್ಲಿ ವೈದ್ಯರಾಗಿದ್ದು, ಮಳೆಗಾಲದ ರಾತ್ರಿಗಳಲ್ಲಿ ಈ ಗಾಡಿಯಲ್ಲಿಯೇ ರೋಗಿಗಳ ಮನೆಗಳಿಗೆ ಹೋಗಿಬರುತ್ತಿದ್ದರು. ಅವರು ತೀರಿಕೊಂಡ ಮೇಲೆ ಗಾಡಿಯು ಹದಿನಾಲ್ಕು ವರ್ಷಗಳ ಕಾಲ ನಿಂತಲ್ಲಿಯೇ ನಿಂತಿತ್ತು. ಗುಜರಿಯವನು ಎರಡು ಸಲ ಬಂದು ಬೆಲೆ ಹೇಳಿ ಹೋಗಿದ್ದನು. ಶಿಷ್ಯರ ತಾಯಿಯವರು, ಎಂಬತ್ತನ್ನು ದಾಟಿದವರು, ಮಗನಿಗೆ ಹೇಳಿದ ಮಾತನ್ನು ನಾವು ಅಲ್ಲಿಯೇ ಇದ್ದು ಕೇಳಿದೆವು: “ಮಾರುವುದಾದರೆ ಮಾರಿಬಿಡಪ್ಪ, ನನ್ನ ಅಡ್ಡಿಯಿಲ್ಲ. ಆದರೆ ಅವರು ದಿನಾ ಒರೆಸಿಟ್ಟುಕೊಳ್ಳುತ್ತಿದ್ದ ಗಾಡಿ, ಹೀಗೆ ಕಣ್ಣೆದುರಿಗೆ ಕೊಳೆಯುವುದು ಬೇಡ.” ಆ ಮಾತಿನಿಂದ ಕೆಲಸವು ಮೊದಲಾಯಿತು. ಹನ್ನೊಂದು ತಿಂಗಳು ನಡೆದ ಆ ಕೆಲಸವನ್ನು ನಾವು ಸಮೀಪದಿಂದ ನೋಡಿದೆವಾದ್ದರಿಂದ, ಮುಂದೆ ಹೇಳುವ ವಿಷಯಗಳಲ್ಲಿ ಹಲವು ಅಲ್ಲಿ ಕಂಡವೇ ಆಗಿವೆ.

ಶಿಷ್ಯರು ಎಂಜಿನು ಯಾವಾಗ ಚಾಲೂ ಆದೀತೆಂದು ಆತುರಪಡುತ್ತಿದ್ದರು. ಎಪ್ಪತ್ತು ವರ್ಷದ ಮಿಸ್ತ್ರಿಗಳು ನಕ್ಕು, “ಓಡುವುದನ್ನು ಆಮೇಲೆ ನೋಡೋಣ ಸ್ವಾಮಿ, ಮೊದಲು ನಿಲ್ಲುವುದನ್ನು ನೋಡೋಣ” ಎಂದರು. ಅವರ ಈ ಮಾತನ್ನು ಪ್ರತಿಯೊಬ್ಬ ಗೃಹಸ್ಥನೂ ಗಂಟುಹಾಕಿಟ್ಟುಕೊಳ್ಳಬೇಕು.

ಆದರೆ ಬ್ರೇಕಿಗಿಂತಲೂ ಮೊದಲು ಮೈಯನ್ನು ಪರೀಕ್ಷಿಸಬೇಕು. ಅನ್ನ ಬೆಂದಿತೇ ಎಂಬುದನ್ನು ಒಂದು ಅಗುಳಿನಿಂದ ತಿಳಿಯುವ ಸ್ಥಾಲೀಪುಲಾಕ ನ್ಯಾಯವು ಹಳೆಯ ಮೋಟಾರಿನ ವಿಷಯದಲ್ಲಿ ಸಲ್ಲದು. ಬಾಗಿಲು ಗಟ್ಟಿಯಾಗಿದ್ದ ಮಾತ್ರಕ್ಕೆ ತಳವೂ ಗಟ್ಟಿಯಾಗಿದೆಯೆಂದು ಹೇಳಲಾಗದು. ಈ ಗಾಡಿಯಲ್ಲಿ ತಗಡಿನ ಮೈಯೇ ಭಾರವನ್ನು ಹೊರುವುದೆಂದು ಮೇಲೆ ಹೇಳಿದೆವಷ್ಟೆ. ಆದುದರಿಂದ ಬಾಗಿಲಿನ ಕೆಳಗಣ ಪೆಟ್ಟಿಗೆಯಂಥ ಪಟ್ಟಿ, ಕಾಲಿಡುವ ತಳ, ಹಿಂದಿನ ಸ್ಪ್ರಿಂಗು ಮೈಗೆ ಸೇರುವ ಸ್ಥಳ, ಇವುಗಳಲ್ಲಿ ತುಕ್ಕು ಹಿಡಿದಿದ್ದರೆ ಅದು ಚಂದದ ಪ್ರಶ್ನೆಯಾಗಿರದೆ ಬಲದ ಪ್ರಶ್ನೆಯಾಗುವುದು. ಹಾಸನ್ನು ತೆಗೆದು, ಸ್ಕ್ರೂಡ್ರೈವರಿನ ತುದಿಯಿಂದ ಅಂಗುಲ ಅಂಗುಲವಾಗಿ ಒತ್ತಿ ನೋಡಬೇಕು. ಬಣ್ಣದ ಅಡಿಯಲ್ಲಿ ಪುಟ್ಟಿ ತುಂಬಿದ್ದರೆ ಅಯಸ್ಕಾಂತವು ಅಂಟುವುದಿಲ್ಲ. ಇದು ಸುಲಭವಾದ ಪರೀಕ್ಷೆ. ವೈದ್ಯರ ಗಾಡಿಯ ಎಡಗಡೆಯ ತಳವು ಹೀಗೆ ಒತ್ತಿದಾಗ ಹಪ್ಪಳದಂತೆ ಮುರಿಯಿತು. ಕೊಳೆತ ತಗಡನ್ನು ಗಟ್ಟಿ ಲೋಹ ಸಿಕ್ಕುವ ವರೆಗೆ ಕತ್ತರಿಸಿ, ಹೊಸ ತಗಡನ್ನು ಅದೇ ಆಕಾರಕ್ಕೆ ಬಡಿದು ಬೆಸೆಯುವುದೊಂದೇ ಸರಿಯಾದ ಚಿಕಿತ್ಸೆ. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಹುಣ್ಣಿನ ಮೇಲೆ ಗಂಧ ಹಚ್ಚಿದಂತೆ.

ಇನ್ನು ಬ್ರೇಕು. ಆ ಕಾಲದ ಗಾಡಿಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ದ್ರವದ ಮಾರ್ಗ. ಎಲ್ಲಿಯಾದರೂ ಒಂದು ರಬ್ಬರು ಕೊಳವೆ ಒಡೆದರೆ ನಾಲ್ಕೂ ಬ್ರೇಕುಗಳು ಒಮ್ಮೆಗೇ ಕೈಬಿಡುವುವು, ಉಳಿಯುವುದು ಕೈಬ್ರೇಕೊಂದೇ. ಆದುದರಿಂದ ರಬ್ಬರಿನ ಕೊಳವೆಗಳನ್ನೂ ಸಿಲಿಂಡರುಗಳೊಳಗಿನ ರಬ್ಬರು ಬಟ್ಟಲುಗಳನ್ನೂ ನೋಟಕ್ಕೆ ಚೆನ್ನಾಗಿದ್ದರೂ ಉಳಿಸಕೂಡದು. ಬ್ರೇಕಿನ ದ್ರವಕ್ಕೆ ಗಾಳಿಯಲ್ಲಿನ ತೇವವನ್ನು ಹೀರುವ ಸ್ವಭಾವವುಂಟು. ತೇವ ಸೇರಿದಷ್ಟೂ ಅದು ಕಡಮೆ ಕಾವಿಗೆ ಕುದಿಯುವುದು. ಆಗುಂಬೆ, ಚಾರ್ಮಾಡಿಗಳಂಥ ಘಾಟಿಗಳನ್ನು ಇಳಿಯುವಾಗ ಬ್ರೇಕನ್ನು ಎಡೆಬಿಡದೆ ತುಳಿದರೆ ಡ್ರಮ್ಮು ಕಾದು, ದ್ರವವು ಕುದಿದು ಆವಿಯಾಗಿ, ಕಾಲಿನ ಕೆಳಗಿನ ಪೆಡಲು ಒಮ್ಮೆಲೇ ನೆಲಕ್ಕೆ ಹೋಗುವುದು. ಆದಕಾರಣ ದ್ರವವನ್ನು ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿಯಾಗಿ ಬದಲಿಸಬೇಕು. ಘಾಟಿಯನ್ನು ಇಳಿಯುವಾಗ ಕೆಳಗಿನ ಗೇರಿನಲ್ಲಿದ್ದು ಎಂಜಿನೇ ಗಾಡಿಯನ್ನು ಹಿಡಿದುಕೊಳ್ಳುವಂತೆ ಮಾಡಬೇಕು.

ಟೈರಿನ ವಿಷಯದಲ್ಲಿ ಅನೇಕರು ಮೋಸಹೋಗುವರು. ಓಡದೆ ನಿಂತ ಗಾಡಿಯ ಟೈರು ಸವೆದಿರುವುದಿಲ್ಲ; ಅದರಿಂದಲೇ ಅದು ಹೊಸತರಂತೆ ತೋರುವುದು. ಆದರೆ ರಬ್ಬರು ವಯಸ್ಸಿನಿಂದಲೇ ಗಡುಸಾಗಿ ಬಿರಿಯುವುದು. ಈಚಿನ ಟೈರುಗಳ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುವುದು. ೨೩೧೯ ಎಂದಿದ್ದರೆ ೨೦೧೯ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದದ್ದೆಂದರ್ಥ. ಗ್ವಿದಿತ್ಸೋಲೋವಿನ ದುರಂತವು ಒಂದು ಟೈರಿನಿಂದ ಆದುದೆಂಬುದನ್ನು ನೆನೆದರೆ ಇಲ್ಲಿ ಹಣ ಉಳಿಸುವ ಬುದ್ಧಿ ಯಾರಿಗೂ ಹುಟ್ಟದು. ಮುಂದಿನ ಚಕ್ರಗಳ ಕಿಂಗ್‌ಪಿನ್ನು ಸಡಿಲವಾಗಿದ್ದರೆ ಸ್ಟಿಯರಿಂಗು ಹಿಡಿದ ದಾರಿಗೆ ನಿಲ್ಲದು. ಅದಕ್ಕೆ ಹೊಸ ಬುಷ್ಷುಗಳನ್ನು ಹಾಕಿಸಿ, ಗ್ರೀಸಿನ ನಿಪ್ಪಲುಗಳಿಗೆ ತಪ್ಪದೆ ಗ್ರೀಸು ತುಂಬಬೇಕು.

ಎಂಜಿನು, ಪೆಟ್ರೋಲು, ತಂತಿ

ಬಹುಕಾಲ ನಿಂತ ಎಂಜಿನನ್ನು ಸ್ಟಾರ್ಟರಿನಿಂದ ಒಮ್ಮೆಗೇ ತಿರುಗಿಸಕೂಡದು. ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿಯೊಂದು ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು, ಎರಡು ದಿನ ಹಾಗೆಯೇ ಇರಿಸಿ, ಆಮೇಲೆ ಕೈಯಿಂದ ಮೆಲ್ಲನೆ ತಿರುಗಿಸಬೇಕು. ಇಲ್ಲವಾದರೆ ತುಕ್ಕಿನಿಂದ ಅಂಟಿಕೊಂಡ ರಿಂಗುಗಳು ಮುರಿದು ಸಿಲಿಂಡರನ್ನು ಗೀರಿಬಿಡುವುವು. ಎಂಜಿನಿನ ಆರೋಗ್ಯವನ್ನು ತಿಳಿಯುವುದಕ್ಕೆ ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯುವರು. ಒಂದರಲ್ಲಿ ಒತ್ತಡವು ಕಡಮೆಯಿದ್ದರೆ, ಅದಕ್ಕೆ ಒಂದು ಚಮಚ ಎಣ್ಣೆಯನ್ನು ಹಾಕಿ ಮತ್ತೆ ಅಳೆಯಬೇಕು. ಆಗ ಒತ್ತಡ ಏರಿದರೆ ದೋಷವು ರಿಂಗಿನಲ್ಲಿ, ಏರದಿದ್ದರೆ ವಾಲ್ವಿನಲ್ಲಿ. ವೈದ್ಯರು ನಾಡಿ ಹಿಡಿದಂತೆ ಇದೂ ಒಂದು ನಾಡೀಪರೀಕ್ಷೆ. ದೋಷವೇನೆಂದು ತಿಳಿಯದೆಯೇ ಎಂಜಿನನ್ನು ಬೋರ್ ಮಾಡಿಸುವುದು ದುಂದುಗಾರಿಕೆ. ಸಿಲಿಂಡರನ್ನು ಕೊರೆಯುವುದಕ್ಕೆ ಮಿತಿಯುಂಟು, ಒಮ್ಮೆ ಕೊರೆದ ಲೋಹವು ಮರಳಿ ಬಾರದು.

ಪೆಟ್ರೋಲಿನ ವಿಷಯದಲ್ಲಿ ಈಚೆಗೆ ಹೊಸದೊಂದು ತೊಡಕು ಬಂದಿದೆ. ೨೦೨೫ರ ವೇಳೆಗೆ ನಮ್ಮ ಬಂಕುಗಳಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲು ಬೆರೆತ ಪೆಟ್ರೋಲು ಸರ್ವಸಾಮಾನ್ಯವಾಯಿತು. ಎಥನಾಲು ನೀರನ್ನು ಎಳೆದುಕೊಳ್ಳುವುದು. ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುವುದು. ಆದುದರಿಂದ ಪೆಟ್ರೋಲಿನ ಕೊಳವೆಗಳನ್ನೂ ಪಂಪಿನ ಪೊರೆಯನ್ನೂ ಎಥನಾಲನ್ನು ತಾಳುವಂಥವುಗಳಿಂದ ಬದಲಿಸಬೇಕು. ತುಕ್ಕು ಹಿಡಿದ ಟ್ಯಾಂಕನ್ನು ತೊಳೆದು ಒಣಗಿಸಬೇಕು. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಹಳೆಯ ಪೆಟ್ರೋಲನ್ನು ಅದರಲ್ಲಿ ಉಳಿಸಬಾರದು. ಕಾದ ಎಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಆಗುವುದೇನೆಂದು ಬಿಡಿಸಿ ಹೇಳಬೇಕಾದುದಿಲ್ಲ.

ಬೆಂಕಿಗೆ ಇನ್ನೊಂದು ಕಾರಣ ವಿದ್ಯುತ್ತಿನ ತಂತಿ. ಐವತ್ತು ವರ್ಷದ ತಂತಿಯ ಹೊದಿಕೆಯು ಒಣಗಿ ಉದುರುವುದು. ಅಲ್ಲಲ್ಲಿ ಗಂಟುಹಾಕಿ ಪಟ್ಟಿ ಸುತ್ತುವುದಕ್ಕೆ ಬದಲಾಗಿ ತಂತಿಯ ಜಾಲವನ್ನೆಲ್ಲ ಹೊಸದಾಗಿ ಎಳೆಸಿ, ಸಾಲದಾದ ಫ್ಯೂಸುಗಳನ್ನು ಸೇರಿಸುವುದು ಒಳ್ಳೆಯದು. ಇದು ಹೊರನೋಟವನ್ನು ಕೆಡಿಸದೆಯೇ ಪ್ರಾಣವನ್ನು ಕಾಯುವ ಮಾರ್ಪಾಟು. ಹಾಗೆಯೇ ಸೀಟುಬೆಲ್ಟು; ಆ ಕಾಲದ ಗಾಡಿಗಳಲ್ಲಿ ಅದಿರಲಿಲ್ಲವೆಂಬ ಕಾರಣದಿಂದ ಈಗಲೂ ಬೇಡವೆನ್ನುವುದು ಅವಿವೇಕ. ಅದನ್ನು ತಿಳಿದವರಿಂದ ಬಲವಾದ ಸ್ಥಳಕ್ಕೆ ಬಿಗಿಸಬೇಕು. ರೇಡಿಯೇಟರಿನ ಒಳಗೆ ಕಟ್ಟಿದ ಕಿಟ್ಟವನ್ನು ತೆಗೆಸದಿದ್ದರೆ ಮೊದಲ ಏರಿನಲ್ಲಿಯೇ ನೀರು ಕುದಿದು ಸಿಲಿಂಡರಿನ ಹೆಡ್ಡು ಸೊಟ್ಟಗಾಗುವ ಭಯವುಂಟು.

ಬಿಡಿಭಾಗಗಳು ದೊರೆಯುವುವೇ ಎಂಬ ಸಂಶಯ ಬರಬಹುದು. ಫಿಯಟ್ ಗಾಡಿಯು ದೇಶದಲ್ಲಿ ದಶಕಗಟ್ಟಲೆ ತಯಾರಾದುದರಿಂದ ಅನುಕೂಲವಿದೆ. ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ, ತಾಳ್ಮೆಯಿಂದ ಹುಡುಕುವವರಿಗೆ ಎಷ್ಟೋ ವಸ್ತುಗಳು ಕೈಗೆ ಸಿಕ್ಕುವುವು. ದೊರೆಯದುದನ್ನು ಲೇತಿನವರಿಂದ ಮಾಡಿಸಬೇಕು. ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ ಚೀಟಿ ಬರೆದು ಡಬ್ಬಿಯಲ್ಲಿಡುವುದು, ಬಿಚ್ಚುವ ಮೊದಲು ಚಿತ್ರ ತೆಗೆದಿಡುವುದು, ಇವೆರಡು ಅಭ್ಯಾಸಗಳು ಎಷ್ಟು ಹಣಕ್ಕೆ ಸಮಾನವೆಂಬುದು ಮರುಜೋಡಣೆಯ ದಿನ ತಿಳಿಯುವುದು.

ಲೆಕ್ಕದ ಪಾಠ

ಗಾಡಿಯು ಸಿದ್ಧವಾದ ಮೇಲೆ ಸ್ಪರ್ಧೆಯ ವಿಚಾರ. ನಮ್ಮ ದೇಶದಲ್ಲಿ ಹಳೆಯ ಗಾಡಿಗಳ ಮೆರವಣಿಗೆಯಂಥ ರ್ಯಾಲಿಗಳು ಬಹುಕಾಲದಿಂದ ನಡೆದುಬಂದಿವೆ. ದೆಹಲಿಯಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆಯ ರ್ಯಾಲಿಯು ೧೯೬೪ರಲ್ಲಿ ಮೊದಲಾಯಿತು. ಇದಲ್ಲದೆ ಹವ್ಯಾಸಿಗಳಿಗೆ ಪ್ರಿಯವಾದ ಇನ್ನೊಂದು ಪ್ರಕಾರವನ್ನು ಟಿ.ಎಸ್.ಡಿ. ಎನ್ನುವರು, ಕಾಲ, ವೇಗ, ದೂರ ಎಂಬ ಮೂರನ್ನು ಹೊಂದಿಸುವ ಸ್ಪರ್ಧೆ ಅದು. ದಾರಿಯ ಒಂದೊಂದು ಭಾಗಕ್ಕೂ ಒಂದೊಂದು ಸರಾಸರಿ ವೇಗವನ್ನು ಗೊತ್ತುಮಾಡಿ ಹೊತ್ತಗೆಯನ್ನು ಕೈಗೆ ಕೊಡುವರು. ತಿರುವುಗಳನ್ನು ಒಂದು ಚುಕ್ಕೆ, ಒಂದು ಬಾಣದ ಗುರುತು, ಇವುಗಳಿಂದ ತೋರಿಸುವ ಆ ಚಿತ್ರಗಳಿಗೆ ಟ್ಯೂಲಿಪ್ ಎಂದು ಹೆಸರು; ೧೯೪೯ರಲ್ಲಿ ಮೊದಲಾದ ಹಾಲೆಂಡಿನ ಟ್ಯೂಲಿಪ್ ರ್ಯಾಲಿಯಿಂದ ಬಂದದ್ದು. ಸಮಯವನ್ನು ಬರೆದುಕೊಳ್ಳುವ ಠಾಣ್ಯಗಳು ಎಲ್ಲಿವೆಯೆಂಬುದು ಸ್ಪರ್ಧಿಗಳಿಗೆ ತಿಳಿದಿರುವುದಿಲ್ಲ. ತಡವಾದರೆ ದಂಡ, ಬೇಗ ಬಂದರೂ ದಂಡ, ಅನೇಕ ನಿಯಮಾವಳಿಗಳಲ್ಲಿ ಅದು ಇಮ್ಮಡಿಯಾಗಿಯೂ ಇರುವುದು. ವೇಗವು ಸಾಮಾನ್ಯ ರಸ್ತೆಯ ಮಿತಿಯೊಳಗೇ ಇರುವುದರಿಂದ ಹಳೆಯ ಫಿಯಟ್ ಗಾಡಿಯೂ ಹೊಸ ಗಾಡಿಯೂ ಇಲ್ಲಿ ಸಮಾನ.

ಇದರ ಗಣಿತವು ಪ್ರೌಢಶಾಲೆಯ ಗಣಿತ. ಗಂಟೆಗೆ ೩೬ ಕಿಲೋಮೀಟರೆಂದರೆ ಒಂದು ಕಿಲೋಮೀಟರಿಗೆ ೧೦೦ ಸೆಕೆಂಡು. ೪೦ ಆದರೆ ೯೦ ಸೆಕೆಂಡು. ೪೫ ಆದರೆ ೮೦ ಸೆಕೆಂಡು. ಪಕ್ಕದಲ್ಲಿ ಕುಳಿತವರು ಈ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡು, ಪ್ರತಿ ಕಿಲೋಮೀಟರಿಗೂ ಗಡಿಯಾರವನ್ನು ನೋಡಿ, “ಐದು ಸೆಕೆಂಡು ಹಿಂದೆ,” “ಎರಡು ಮುಂದೆ” ಎಂದು ಹೇಳುತ್ತಿರಬೇಕು.

ಆದರೆ ಗಾಡಿಯ ಮೀಟರನ್ನು ಕಣ್ಣು ಮುಚ್ಚಿ ನಂಬಬಾರದು. ಟೈರಿನ ಗಾತ್ರ, ಗಾಳಿಯ ಒತ್ತಡ, ಮೀಟರಿನ ಸವಕಳಿ, ಇವುಗಳಿಂದ ಅದು ತಪ್ಪಿ ನುಡಿಯುವುದು. ಹೊತ್ತಗೆಯವರು ೧೦ ಕಿಲೋಮೀಟರೆಂದು ಅಳೆದ ದಾರಿಯನ್ನು ನಮ್ಮ ಮೀಟರು ೧೦.೪ ಎಂದು ತೋರಿಸಿತೆಂದಿಟ್ಟುಕೊಳ್ಳಿ. ಅದನ್ನು ಲಕ್ಷಿಸದೆ ೩೬ರ ವೇಗದಲ್ಲಿ ಮೀಟರನ್ನೇ ನಂಬಿ ಹೋದರೆ, ಸಾವಿರ ಸೆಕೆಂಡಾದಾಗ ಮೀಟರಿನಲ್ಲಿ ೧೦ ಇದ್ದರೂ ನಿಜವಾಗಿ ಕ್ರಮಿಸಿದ್ದು ೯.೬೧೫ ಕಿಲೋಮೀಟರು ಮಾತ್ರ. ಹತ್ತನೆಯ ಕಿಲೋಮೀಟರಿನ ಗುರುತನ್ನು ಮುಟ್ಟುವಾಗ ೪೦ ಸೆಕೆಂಡು ತಡವಾಗಿರುವುದು. ಆದುದರಿಂದ ಆಯೋಜಕರು ಆರಂಭದಲ್ಲಿ ಅಳೆದು ತೋರಿಸುವ ದಾರಿಯಲ್ಲಿ ಮೀಟರಿನ ದೋಷವನ್ನು ಕಂಡುಹಿಡಿದು, ಎಲ್ಲ ಲೆಕ್ಕಕ್ಕೂ ಆ ತಿದ್ದುಪಡಿಯನ್ನು ಸೇರಿಸಿಕೊಳ್ಳಬೇಕು.

ಹೊರಡುವ ಮುನ್ನ ಗಾಡಿಯಲ್ಲಿ ಇರಬೇಕಾದ ಸಾಮಗ್ರಿಗಳು ಇವು: ಫ್ಯಾನ್ ಬೆಲ್ಟು, ಪಾಯಿಂಟು, ಕಂಡೆನ್ಸರು, ಪ್ಲಗ್ಗುಗಳು, ಫ್ಯೂಸುಗಳು, ನೀರಿನ ಕೊಳವೆ, ಪಂಪಿನ ಪೊರೆ, ತಂತಿ, ಒಂದು ಕ್ಯಾನು ನೀರು, ಜ್ಯಾಕು, ಗಾಳಿ ತುಂಬಿದ ಸ್ಟೆಪ್ನಿ, ಬೆಂಕಿ ಆರಿಸುವ ಸಿಲಿಂಡರು, ಔಷಧದ ಪೆಟ್ಟಿಗೆ. ಹೊಸದಾಗಿ ಕಟ್ಟಿದ ಎಂಜಿನನ್ನು ನೇರವಾಗಿ ಸ್ಪರ್ಧೆಗೆ ಒಯ್ಯದೆ, ಕೆಲವು ನೂರು ಕಿಲೋಮೀಟರು ಹದವಾಗಿ ಓಡಿಸಿ ಎಣ್ಣೆಯನ್ನು ಬದಲಿಸಿರಬೇಕು.

ವೈದ್ಯರ ಗಾಡಿಯು ಇಂತಹ ಒಂದು ಸ್ಪರ್ಧೆಗೆ ಹೋದಾಗ ಪಕ್ಕದ ಆಸನದಲ್ಲಿ ಕಾಗದವನ್ನು ಹಿಡಿದು ಕುಳಿತವರು ನಾವೇ. ಘಾಟಿಯ ಇಳಿಜಾರಿನಲ್ಲಿ, ಒಂದು ತಿರುವನ್ನು ಕಳೆಯುತ್ತಿರುವಾಗ, ದನಗಳ ಹಿಂಡೊಂದು ರಸ್ತೆಗೆ ಅಡ್ಡಲಾಗಿ ಬಂದಿತು. ಹಿಂದೆ ಕೋಲು ಹಿಡಿದ ಚಿಕ್ಕ ಹುಡುಗ. ಶಿಷ್ಯರು ಬ್ರೇಕನ್ನು ತುಳಿದರು. ಗಾಡಿಯು ಅತ್ತಿತ್ತ ಎಳೆಯದೆ, ಹಿಂಡಿಗೆ ನಾಲ್ಕು ಮಾರು ದೂರದಲ್ಲಿ ನೇರವಾಗಿ ನಿಂತಿತು. ಹುಡುಗನು ನಮ್ಮ ಕಡೆ ನೋಡಿ ನಕ್ಕು ದನಗಳನ್ನು ದಾಟಿಸಿಕೊಂಡು ಹೋದನು. ಮಿಸ್ತ್ರಿಗಳು ಮೂರು ವಾರ ಬ್ರೇಕಿನ ಮುಂದೆಯೇ ಕುಳಿತಿದ್ದುದೇಕೆಂದು ಆಗ ಇಬ್ಬರಿಗೂ ಹೇಳದೆಯೇ ತಿಳಿಯಿತು. ನಾಲ್ವತ್ತು ಸೆಕೆಂಡು ಕಳೆದಿತ್ತು. ಅದನ್ನು ಹೇಗೆ ತುಂಬಿಕೊಳ್ಳಬೇಕು? ಗೊತ್ತಾದ ವೇಗ ೩೬. ೪೦ಕ್ಕೆ ಏರಿಸಿದರೆ ಕಿಲೋಮೀಟರಿಗೆ ಹತ್ತು ಸೆಕೆಂಡು ಲಾಭ. ನಾಲ್ಕು ಕಿಲೋಮೀಟರಿನಲ್ಲಿ ಕೊರತೆ ತೀರುವುದು. ಘಾಟಿಯನ್ನು ಇಳಿದು ಬಯಲಿಗೆ ಬಂದ ಮೇಲೆಯೇ ಆ ನಾಲ್ಕು ಕಿಲೋಮೀಟರನ್ನು ಆರಂಭಿಸಿದೆವು. ಅಷ್ಟರಲ್ಲಿ ಒಂದು ಗುಪ್ತ ಠಾಣ್ಯವು ಕಳೆದುಹೋಗಿ ನಮಗೆ ದಂಡ ಬಿದ್ದಿತ್ತು. ಬಹುಮಾನವು ಬೇರೆಯವರ ಪಾಲಾಯಿತು. ಅದಕ್ಕಾಗಿ ಯಾರೂ ವ್ಯಸನಪಡಲಿಲ್ಲ.

ಖರ್ಚು ಮತ್ತು ಫಲ

ಕಡೆಯದಾಗಿ ಗೃಹಸ್ಥರು ಕೇಳತಕ್ಕ ಪ್ರಶ್ನೆ, ಇದಕ್ಕೆ ಎಷ್ಟು ಹಣವೆಂಬುದು. ಗಾಡಿಯ ಸ್ಥಿತಿಯನ್ನು ಅನುಸರಿಸಿ ಖರ್ಚು ಬೇರೆಬೇರೆಯಾಗುವುದು. ಆದರೆ ಮೊದಲು ಅಂದಾಜು ಮಾಡಿದುದಕ್ಕಿಂತ ಹೆಚ್ಚೇ ಆಗುವುದೆಂದು ಹೇಳಬಹುದು. ಸಾಲಮಾಡಿ ಕೈಹಾಕತಕ್ಕ ಕೆಲಸ ಇದಲ್ಲ. ಮಕ್ಕಳ ವಿದ್ಯೆಗೆಂದು ಇಟ್ಟ ಹಣವನ್ನು ಇದಕ್ಕೆ ಸುರಿಯಬಾರದು. ತಳವೆಲ್ಲ ಕೊಳೆತುಹೋದ ಗಾಡಿಯನ್ನು ಕೈಬಿಟ್ಟು, ಅದರ ಒಳ್ಳೆಯ ಭಾಗಗಳನ್ನು ಮತ್ತೊಂದು ಗಾಡಿಗೆ ಕೊಡುವುದೂ ಒಂದು ವಿವೇಕವೇ. ಖರ್ಚನ್ನು ಹಂಚಿಕೊಳ್ಳುವವರು ತಳ, ಬ್ರೇಕು, ಟೈರು, ಪೆಟ್ರೋಲಿನ ಮಾರ್ಗ, ತಂತಿ ಎಂಬ ಕ್ರಮದಲ್ಲಿ ನಡೆಯಲಿ. ಬಣ್ಣವೂ ಹೊಳಪೂ ಎಲ್ಲಕ್ಕಿಂತ ಕಡೆಗೆ ಬರಲಿ. ಲೋಕದಲ್ಲಿ ಬಹಳ ಮಂದಿ ಈ ಕ್ರಮವನ್ನು ತಲೆಕೆಳಗು ಮಾಡುವರು. ಹೊಳೆಯುವ ಗಾಡಿಯನ್ನು ಹೊತ್ತುಕೊಂಡು ರಸ್ತೆಬದಿಯಲ್ಲಿ ನಿಂತವರನ್ನು ನಾವು ಕಂಡಿದ್ದೇವೆ.

ಹಣಕ್ಕಿಂತ ವಿರಳವಾದ ವಸ್ತು ಇನ್ನೊಂದಿದೆ. ಅದು ಕೆಲಸ ಬಲ್ಲ ಕೈ. ಕಾರ್ಬುರೇಟರಿನ ಸ್ವರವನ್ನು ಕಿವಿಯಿಂದಲೇ ತಿದ್ದುವವರು, ಪಾಯಿಂಟಿನ ಎಡೆಯನ್ನು ಕಣ್ಣಿನಿಂದಲೇ ಅಳೆಯುವವರು, ತಗಡನ್ನು ಮರದ ಸುತ್ತಿಗೆಯಿಂದ ಬಡಿದು ಬೇಕಾದ ಬಾಗನ್ನು ತರುವವರು ದಿನದಿನಕ್ಕೆ ಕಡಮೆಯಾಗುತ್ತಿರುವರು. ಈಚಿನ ಗಾಡಿಗಳಿಗೆ ಅವರ ವಿದ್ಯೆ ಬೇಕಿಲ್ಲ. ಆದುದರಿಂದ ಅವರ ಮಕ್ಕಳೂ ಅದನ್ನು ಕಲಿತಿಲ್ಲ. ವೈದ್ಯರ ಗಾಡಿಯ ಕೆಲಸ ನಡೆಯುತ್ತಿದ್ದಾಗ ಮಿಸ್ತ್ರಿಗಳ ಪಕ್ಕದಲ್ಲಿ ಹದಿನೆಂಟು ವರ್ಷದ ಹುಡುಗನೊಬ್ಬನು ಕುಳಿತು ಕಲಿಯುತ್ತಿದ್ದನು. ಗಾಡಿಗಳು ಓಡುತ್ತಿದ್ದರೆ ಮಾತ್ರ ಅಂಥವನಿಗೆ ಕೆಲಸ. ಅವನಿಗೆ ಕೆಲಸವಿದ್ದರೆ ಮಾತ್ರ ವಿದ್ಯೆಯ ಉಳಿವು. ಹಳೆಯ ಮೋಟಾರಿನ ಜೀರ್ಣೋದ್ಧಾರವು ಹೀಗೆ ಯಂತ್ರಕ್ಕಷ್ಟೇ ಸೇರಿದ್ದಾಗಿರದೆ ಯಂತ್ರವನ್ನು ಅರಿತ ಮನುಷ್ಯನಿಗೂ ಸೇರಿದ್ದಾಗಿದೆ.

ಆದುದರಿಂದ ಮನೆಯ ಕೊಟ್ಟಿಗೆಯಲ್ಲಿ ಇಂತಹ ಗಾಡಿಯನ್ನು ಹೊಂದಿರುವ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಳೆಗಾಲ ಬರುವುದಕ್ಕೆ ಮುಂಚೆ ಒಂದು ದಿನ ಹೊದಿಕೆಯನ್ನು ಸರಿಸಿ, ಕಾಲಡಿಯ ಹಾಸನ್ನು ಎತ್ತಿ, ತಳವನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿರಿ. ತಳ ಗಟ್ಟಿಯಾಗಿದ್ದರೆ ಊರಿನ ಹಳೆಯ ಮಿಸ್ತ್ರಿಯನ್ನು ಕರೆಯಿಸಿ ಬ್ರೇಕಿನಿಂದ ಆರಂಭಿಸಿರಿ. ಅವರು ಇರುವಾಗಲೇ ಕರೆಯಿರಿ.